ಬಸವೇಶ್ವರನಗರದ ದೋಣಿಗೆ ಹದಿನಾರು ಕೊಡ ನೀರು

ಬೆಳಗಿನ ಆರು ಗಂಟೆಗೆ ಇನ್ನೂ ಐದು ನಿಮಿಷವಿದೆ. ಮಾಗಡಿ ರಸ್ತೆಯಿಂದ ಬಸವೇಶ್ವರನಗರದ ಕಡೆ ತಿರುಗುವ ಮೂಲೆಯಲ್ಲಿ, ಹೊಂಗೆ ಮರದ ಕೆಳಗೆ, ದೊಡ್ಡಹನುಮಯ್ಯ ಕುಕ್ಕುರುಗಾಲಲ್ಲಿ ಕೂತಿದ್ದಾರೆ. ಎದುರಿಗೆ ನೀರು ತುಂಬಿದ ತಾಮ್ರದ ಹಂಡೆ. ಹಳೆಯ ಪಂಚೆಯ ತುಂಡಿನಲ್ಲಿ ಒಲೆಯ ಬೂದಿ ಕಟ್ಟಿ, ಅದನ್ನು ಹಂಡೆಯ ಮೈಮೇಲೆಲ್ಲ ಮೆಲ್ಲಗೆ ತಟ್ಟುತ್ತಾರೆ. ಕೂಸಿಗೆ ಪೌಡರು ಹಾಕುವ ಹಾಗೆ. ಬೂದಿ ತೆಳ್ಳಗೆ, ಬೆಳ್ಳಗೆ ಹಂಡೆಗೆ ಅಂಟಿಕೊಳ್ಳುತ್ತದೆ. ಆಮೇಲೆ ಕೈ ಕಟ್ಟಿ ಕೂತು ಬಿಡುತ್ತಾರೆ. ನಾನೂ ಉಸಿರು ಬಿಗಿಹಿಡಿದು ನೋಡುತ್ತೇನೆ. ಒಂದು ನಿಮಿಷ, ಎರಡು ನಿಮಿಷ. ಅಗೋ! ಹಂಡೆಯ ಕಿವಿಯ ಕೆಳಗೆ ಸಾಸಿವೆ ಕಾಳಿನಷ್ಟು ಒಂದು ಕಪ್ಪು ಚುಕ್ಕೆ ಮೂಡುತ್ತದೆ.

“ಸಿಕ್ಬಿದ್ದ ಕಳ್ಳ!” ಎಂದು ದೊಡ್ಡಹನುಮಯ್ಯ ತೊಡೆ ತಟ್ಟುತ್ತಾರೆ.

ನನಗೂ ಚಪ್ಪಾಳೆ ತಟ್ಟುವಷ್ಟು ಖುಷಿ. ಆದರೆ ಅವರಿಗೆ ಅಷ್ಟಕ್ಕೇ ಸಮಾಧಾನವಿಲ್ಲ. ಹಂಡೆಯ ಬುಡಕ್ಕೆ ಒಂದು ಮರದ ತುಂಡು ಕೊಟ್ಟು ಅದನ್ನು ಎಡಕ್ಕೆ ವಾಲಿಸುತ್ತಾರೆ. ಮತ್ತೆ ಬೂದಿ ತಟ್ಟುತ್ತಾರೆ, ಕಾಯುತ್ತಾರೆ. ಬಲಕ್ಕೆ ವಾಲಿಸುತ್ತಾರೆ. ಮತ್ತೆ ಬೂದಿ, ಮತ್ತೆ ಕಾಯುವುದು. “ಒಬ್ಬ ಕಳ್ಳ ಸಿಕ್ದ ಅಂತ ಬಾಗ್ಲು ಹಾಕ್ಕೊಂಡು ಮಲಗಂಗಿಲ್ಲ ಸಾರ್. ಅವನ ತಮ್ಮ ಇನ್ನೂ ಒಳಗವ್ನೋ ಏನೋ!” ಅನ್ನುತ್ತಾರೆ. ಇಪ್ಪತ್ತೈದು ವರ್ಷ ಸೋರುವ ಪಾತ್ರೆಗಳ ಜೊತೆಗೇ ಬದುಕಿದ ಮನುಷ್ಯ ಹೀಗೆ ಓರೆ ಮಾಡಿ ನೋಡಲು ಕಲಿತದ್ದು ಮಾತ್ರ ಕಳೆದ ತಿಂಗಳು. ಕಲಿಸಿದ್ದು ಯಾರು, ಹೇಗೆ ಎಂಬುದೇ ಈ ಲೇಖನ.

ಇನ್ನೊಂದು ವಿಷಯ ಗಮನಿಸುತ್ತೇನೆ. ದೂರದಲ್ಲಿ ಸ್ಕೂಟರಿನ ಸದ್ದಾದರೆ ಸಾಕು, ಸುದ್ದಿ ಬಂತೇನೋ ಎಂದು ಕೈಯಲ್ಲಿದ್ದ ಕೆಲಸ ಬಿಟ್ಟು ಕತ್ತೆತ್ತುತ್ತಾರೆ. ಸ್ಕೂಟರು ಮುಂದೆ ಹೋದ ಮೇಲೆ ಮುಖ ಸಣ್ಣದು ಮಾಡಿಕೊಂಡು ಮತ್ತೆ ಬೂದಿಗೆ ಕೈ ಹಾಕುತ್ತಾರೆ. ಯಾಕೆಂದರೆ ಇವರು “ಸೋರಲ್ಲ, ಹೋಗ್ಬನ್ನಿ” ಎಂದು ಹೇಳಿದ ಒಂದು ಮಾತನ್ನು ನಂಬಿ ಮೂರು ಜನ ಅರಬ್ಬಿ ಸಮುದ್ರಕ್ಕೆ ಹೋಗಿದ್ದಾರೆ. ಹನ್ನೊಂದು ದಿನದಲ್ಲಿ ಬರುತ್ತೇವೆ ಎಂದವರು ಹದಿನೈದನೆಯ ದಿನವಾದರೂ ಬಂದಿಲ್ಲ.

ಅಂಗಡಿ ಎಂದರೆ ಅಂಗಡಿಯಲ್ಲ ಅದು. ನಾಲ್ಕು ಬಿದಿರ ಗಳು, ಮೇಲೆ ಗೋಣಿತಾಟು. ನೆಲದಲ್ಲಿ ಒಂದು ಕುಳಿ ಒಲೆ, ಅದಕ್ಕೆ ಗಾಳಿ ಊದುವ ಚರ್ಮದ ತಿದಿ, ಇದ್ದಿಲಿನ ಬುಟ್ಟಿ, ತವರದ ಕಡ್ಡಿಗಳು, ಬೆಸುಗೆ ಹಿಡಿಯಲು ಉದುರಿಸುವ ನವಸಾಗರದ ಡಬ್ಬಿ. ತಿದಿಯ ಮುಂದೆ ಕೂತಿರುವವರು ಇವರ ಹೆಂಡತಿ ಯಶೋದಮ್ಮ. ಗಂಡ ಬೆಸುಗೆ ಹಾಕಿದರೆ ಹೆಂಡತಿ ತಿದಿ ಒತ್ತುತ್ತಾರೆ. ಇಪ್ಪತ್ತು ವರ್ಷದಿಂದ ಇದೇ ಜೋಡಿ, ಇದೇ ಮರ. ದಿನಕ್ಕೆ ಹತ್ತು ಹನ್ನೆರಡು ಪಾತ್ರೆ ಇವರ ಕೈ ದಾಟುತ್ತವೆ. ಹಬ್ಬದ ವಾರವಾದರೆ ಮೂವತ್ತು. ಒಂದು ಬುಟ್ಟಿ ಇದ್ದಿಲು, ಎರಡು ಸೇರು ಬೂದಿ, ಲೆಕ್ಕವಿಲ್ಲದಷ್ಟು ಕಾಫಿ.

ಇವರ ಊರು ಯಾವುದೆಂದು ಕೇಳಿದರೆ ದೊಡ್ಡಹನುಮಯ್ಯ ನೆಲವನ್ನೇ ತೋರಿಸುತ್ತಾರೆ. “ಇದೇಯ ಸಾರ್. ನಾವೆಲ್ಗೂ ಹೋಗ್ಲಿಲ್ಲ, ಬೆಂಗ್ಳೂರೇ ನಮ್ಮ ಹೊಲಕ್ಕೆ ಬಂತು.” ಲೇಔಟಿಗೆ ಜಮೀನು ಹೋದಾಗ ಇವರಿಗೆ ಇಪ್ಪತ್ತಾರು ವರ್ಷ. ರಾಗಿ ಬೆಳೆಯುವುದು ಬಿಟ್ಟರೆ ಬೇರೆ ಗೊತ್ತಿಲ್ಲ. ಪೇಟೆಯ ಕಲಾಯಿ ಸಾಬರೊಬ್ಬರ ಹತ್ತಿರ ಎರಡು ವರ್ಷ ಪಾತ್ರೆ ತಿಕ್ಕಿ, ಬೈಸಿಕೊಂಡು, ಕೈ ಸುಟ್ಟುಕೊಂಡು ಕೆಲಸ ಕಲಿತರು. ಮೊಣಕೈವರೆಗೂ ಇರುವ ಸುಟ್ಟ ಕಲೆಗಳನ್ನು ತೋರಿಸಿ, “ನಮ್ಮ ಮಾರ್ಕ್ಸ್ ಕಾರ್ಡು” ಎಂದು ನಗುತ್ತಾರೆ. ಈಗ ಮನೆಮನೆಗೂ ಸ್ಟೀಲು ಬಂದಿದೆ, ಪ್ಲಾಸ್ಟಿಕ್ ಬಕೆಟು ಬಂದಿದೆ. ಒಡೆದರೆ ಬಿಸಾಡುವ ಕಾಲ. ಬೆಸುಗೆಯವನನ್ನು ಕೇಳುವವರು ಕಡಿಮೆಯಾಗುತ್ತಿದ್ದಾರೆ. ಆದರೂ ಈ ಕಡೆ ಒಂದು ಮಾತು ಚಾಲ್ತಿಯಲ್ಲಿದೆ: ದೊಡ್ಡಹನುಮಯ್ಯ ಸೋರಲ್ಲ ಅಂದರೆ ಸೋರಲ್ಲ. ಅವರ ಆಸ್ತಿ ಎಂದರೆ ಆ ಮಾತೊಂದೇ. ಆ ಮಾತೇ ಕಳೆದ ತಿಂಗಳು ಸಮುದ್ರದ ಪಾಲಾಗುವುದರಲ್ಲಿತ್ತು.

ದೋಣಿಯ ವಿಷಯಕ್ಕೆ ಬರುತ್ತೇನೆ. ನಮ್ಮ ಬೀದಿಯಲ್ಲಿ ಒಂದು ದೋಣಿ ಇತ್ತು. ನಗಬೇಡಿ. ಕಡಲಿನಿಂದ ಇನ್ನೂರು ಮೈಲಿಗೂ ಹೆಚ್ಚು ದೂರದ ಬಸವೇಶ್ವರನಗರದಲ್ಲಿ, ಖಾಲಿ ಸೈಟೊಂದರಲ್ಲಿ, ಇಪ್ಪತ್ತೆಂಟು ಅಡಿ ಉದ್ದದ ಹಾಯಿದೋಣಿ ಮರದ ಊರುಗೋಲುಗಳ ಮೇಲೆ ವರ್ಷಗಟ್ಟಲೆ ನಿಂತಿತ್ತು. ಅದರ ಯಜಮಾನರು ವೆಂಕಟಗಿರಿ. ಇಪ್ಪತ್ತೆರಡು ವರ್ಷ ದೊಡ್ಡ ಹಡಗುಗಳಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದವರು. ಬ್ರಿಟಿಷರ ಕಾಲದ ಆ ಮುದಿ ದೋಣಿಯನ್ನು ಮಲ್ಪೆಯಲ್ಲಿ ಕೊಂಡು, ರಿಪೇರಿಗೆಂದು ಲಾರಿಯಲ್ಲಿ ಘಟ್ಟ ಹತ್ತಿಸಿ ತಂದರು. ಅದರ ಕೆಳಗೆ ಕೋಳಿಗಳು ಮೊಟ್ಟೆಯಿಟ್ಟವು. ಮೂಲೆ ಮನೆಯ ಕಲ್ಯಾಣಮ್ಮನವರಂತೂ ದಿನಾ, “ಏನ್ರೀ ವೆಂಕಟಗಿರಿ, ಮಳೆ ಜೋರಾಗಿ ಬಂದ್ರೆ ನಮ್ಮನ್ನೂ ಹತ್ತಿಸ್ಕೋತೀರಾ?” ಎಂದು ಕಿಚಾಯಿಸುತ್ತಿದ್ದರು.

ವೆಂಕಟಗಿರಿಯವರ ಆಸೆ ಒಂದೇ. ಮಲ್ಪೆಯಿಂದ ಹೊರಟು, ಹಾಯಿಯ ಗಾಳಿಯನ್ನೇ ನಂಬಿ, ಲಕ್ಷದ್ವೀಪದ ಒಂದು ದ್ವೀಪ ಮುಟ್ಟಿ ಹಿಂದಿರುಗಬೇಕು. ಜೊತೆಗೆ ಹೆಂಡತಿಯ ತಮ್ಮ ಪದ್ಮನಾಭ, ಮಲ್ಪೆಯ ಒಬ್ಬ ಅನುಭವಸ್ಥ ಮೀನುಗಾರ. ಹನ್ನೊಂದು ದಿನದ ಪ್ರಯಾಣ. ಹಾಯಿ ಸಿದ್ಧ, ಹಲಗೆ ಸಿದ್ಧ, ಪರವಾನಗಿಯೂ ಸಿದ್ಧ. ಕೈಕೊಟ್ಟದ್ದು ಕುಡಿಯುವ ನೀರಿನ ಟ್ಯಾಂಕು. ಕೊಂಡ ಹೊಸತರಲ್ಲಿ ಎರಡು ದಿನ ಸಮುದ್ರದ ಮೇಲೆ ಓಡಿಸಿ ನೋಡಿದಾಗ ತುಂಬಿದ್ದ ಟ್ಯಾಂಕಿನಲ್ಲಿ ಅರ್ಧ ನೀರು ಮಾಯ. ದೋಣಿಯ ತಳದಲ್ಲಿ ನಿಂತ ನೀರನ್ನು ನಾಲಿಗೆಗೆ ಮುಟ್ಟಿಸಿ ನೋಡಿದರೆ ಸಿಹಿ. ಅಂದರೆ ಕಡಲು ಒಳಗೆ ಬಂದದ್ದಲ್ಲ, ಟ್ಯಾಂಕು ಸೋರಿದ್ದು. ಸುತ್ತ ಎಲ್ಲಿ ನೋಡಿದರೂ ನೀರೇ, ಗಂಟಲಿಗೆ ಮಾತ್ರ ಒಂದು ಹನಿಯಿಲ್ಲ ಎಂಬ ಗತಿ ಬಂದರೆ ಏನು ಮಾಡುವುದು?

ಎರಡು ವರ್ಕ್‌ಶಾಪಿನವರು ಬಂದು ನೋಡಿದರು. ಟ್ಯಾಂಕು ಕೂರುವ ಬೆಂಚಿನ ಕೆಳಗಿದೆ, ದೋಣಿಯ ಪಕ್ಕೆಗೆ ಒತ್ತಿಕೊಂಡಿದೆ, ಹೊರಗೆ ತೆಗೆಯಬೇಕಾದರೆ ದೋಣಿಯನ್ನೇ ಕೊಯ್ಯಬೇಕು ಎಂದು ಕೈ ತೊಳೆದುಕೊಂಡರು. ಆಗ ಕಲ್ಯಾಣಮ್ಮನವರೇ ಹೇಳಿದ್ದು: “ತಾಮ್ರದ್ದು ತಾನೇ? ನಮ್ಮ ಹಂಡೆ ದೊಡ್ಡಹನುಮಯ್ಯನ್ನ ಕರೀರಿ. ಹಂಡೆ ಉದ್ದ ಆದ್ರೆ ಟ್ಯಾಂಕು, ಅಷ್ಟೇ.”

ದೊಡ್ಡಹನುಮಯ್ಯ ಮೊದಲು ಹೋದದ್ದು ವೆಂಕಟಗಿರಿಯವರ ಮನೆಯ ಹಾಲಿಗೆ. ಗೋಡೆಯ ಮೇಲೆ ಆ ದೋಣಿಯದೇ ಹಳೆಯ ಫೋಟೋ. ಹಾಯಿ ತುಂಬ ಗಾಳಿ, ದೋಣಿ ಒಂದು ಮಗ್ಗುಲಿಗೆ ಪೂರಾ ವಾಲಿದೆ. “ಅಯ್ಯೋ, ಪಟ ಸೊಟ್ಟಗೈತಲ್ಲ ಸ್ವಾಮಿ,” ಎಂದು ಇವರು ಎದ್ದು ಹೋಗಿ ಚೌಕಟ್ಟನ್ನೇ ತಿರುಗಿಸಿ ದೋಣಿಯನ್ನು ನೆಟ್ಟಗೆ ಮಾಡಿದರಂತೆ! ಈಗ ಚೌಕಟ್ಟು ಸೊಟ್ಟ. ವೆಂಕಟಗಿರಿ ನಕ್ಕು ಸುಮ್ಮನಾದರು. ಕಡಲು ನೋಡದ ಮನುಷ್ಯ, ಪಾಪ ಎಂದುಕೊಂಡರು. ನಾವೆಲ್ಲ ಆ ಕತೆ ಹೇಳಿಕೊಂಡು ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಆ ನಗುವಿನೊಳಗೇ ಉತ್ತರ ಇತ್ತೆಂದು ನಮಗಾರಿಗೂ ಹೊಳೆಯಲಿಲ್ಲ.

ಕೆಲಸ ಐದು ದಿನ ನಡೆಯಿತು. ದೊಡ್ಡಹನುಮಯ್ಯ ಬೆಂಚಿನ ಹಲಗೆ ಬಿಚ್ಚಿಸಿ, ಕೈಗೆ ಸಿಕ್ಕಿದಲ್ಲೆಲ್ಲ ಟ್ಯಾಂಕಿನ ಮೈ ಒರೆಸಿ ಒಣಗಿಸಿ, ನೀರು ತುಂಬಿ, ಬೂದಿ ತಟ್ಟಿದರು. ತಳದಲ್ಲಿ ಎರಡು ಸೂಜಿಮೊನೆ ತೂತು ಸಿಕ್ಕವು. ಬೆಸುಗೆ ಹಾಕಿದರು. ಕುಡಿಯುವ ನೀರು ತಾಕುವ ಕಡೆ ಸೀಸ ಬೆರೆಸುವುದಿಲ್ಲ, ಅಪ್ಪಟ ತವರ. “ಸೀಸ ಹಾಕಿದ್ರೆ ಕೆಲ್ಸ ಬಿರ್ರನೆ ಆಯ್ತದೆ ಸಾರ್. ಆದ್ರೆ ಕುಡ್ಯೋರ ಹೊಟ್ಟೆ ನಮ್ಮ ಕೈಲಿರ್ತದೆ,” ಅನ್ನುತ್ತಾರೆ. ಆಮೇಲೆ ಹದಿನಾರು ಕೊಡ ನೀರು ಹುಯ್ದು, ಒಂದು ಬಿದಿರು ಕಡ್ಡಿಗೆ ಕೊಡಕ್ಕೊಂದು ಗೀರು ಕೊಯ್ದರು. ಯಾವ ಪಾತ್ರೆಯನ್ನೂ ಕಂಠಮಟ್ಟ ತುಂಬಬಾರದು ಎಂಬುದು ಇವರ ಪದ್ಧತಿ, ಹಾಗಾಗಿ ಮೇಲೆ ನಾಲ್ಕು ಬೆರಳು ಜಾಗ ಬಿಟ್ಟರು. ಮೂರು ದಿನ ಕಾದರು. ನೀರು ಹದಿನಾರನೆಯ ಗೀರಿನಿಂದ ಕೂದಲೆಳೆಯಷ್ಟೂ ಇಳಿಯಲಿಲ್ಲ. “ಸೋರಲ್ಲ. ಹೋಗ್ಬನ್ನಿ,” ಅಂದರು. ಟ್ಯಾಂಕು ಖಾಲಿ ಮಾಡಿಸಿ, ಲಾರಿಗೆ ಹೇಳಿ, ಮರುದಿನ ಬೆಳಿಗ್ಗೆ ಆರಕ್ಕೆ ದೋಣಿ ಹೇರುವುದೆಂದು ನಿಶ್ಚಯವಾಯಿತು.

ಈಗ ಬಿಂದಿಗೆಯ ಕತೆ. ಯಶೋದಮ್ಮನವರದು ತವರುಮನೆಯ ತಾಮ್ರದ ಬಿಂದಿಗೆ. ಮೂರು ತಿಂಗಳಿಂದ ಅವರು ಗಂಡನಿಗೆ ಹೇಳುತ್ತಲೇ ಇದ್ದರು, ಇದು ಸೋರುತ್ತದೆ, ಬೀದಿ ನಲ್ಲಿಯಿಂದ ಮನೆಗೆ ಬರುವಷ್ಟರಲ್ಲಿ ಸೀರೆ ಒದ್ದೆ ಎಂದು. ಗಂಡ ಅದನ್ನು ತುಂಬಿ, ನೆಲದ ಮೇಲಿಟ್ಟು, ಬೂದಿ ತಟ್ಟಿ ನೋಡಿದರು. ಒಂದು ಸಲವಲ್ಲ, ಎರಡು ಸಲ. ಚುಕ್ಕೆಯೇ ಇಲ್ಲ. “ಬಿಂದ್ಗೆ ಸೋರಲ್ಲ ಕಣೆ, ನಿನ್ನ ನಡ್ಗೆ ಸರಿ ಇಲ್ಲ, ತುಳುಕಿಸ್ಕೊಂಡು ಬತ್ತೀಯ” ಎಂದುಬಿಟ್ಟರು. ಯಶೋದಮ್ಮ ಈಗಲೂ ಆ ಮಾತು ಮರೆತಿಲ್ಲ. “ಹನ್ನೆರಡು ವರ್ಷದೋಳಿದ್ದಾಗಿಂದ ನೀರು ಹೊತ್ತಿವ್ನಿ. ನನ್ಗೆ ನಡ್ಯಾಕೆ ಬರಕಿಲ್ವಂತೆ!” ಎಂದು ತಿದಿಯನ್ನು ಎರಡು ಪಟ್ಟು ಜೋರಾಗಿ ಒತ್ತುತ್ತಾರೆ. ಕಿಡಿ ನನ್ನ ಪಂಚೆಗೆ ಹಾರುತ್ತದೆ.

ಲಾರಿ ಬರುವ ದಿನ, ಬೆಳಗಿನ ಐದೂವರೆಗೆ, ದೊಡ್ಡಹನುಮಯ್ಯ ಬಾಗಿಲಲ್ಲಿ ಕೂತು ಹಲ್ಲುಜ್ಜುತ್ತಿದ್ದರು. ಯಶೋದಮ್ಮ ಬಿಂದಿಗೆಯನ್ನು ಸೊಂಟದ ಮೇಲಿಟ್ಟುಕೊಂಡು ಬಂದರು. ಸೊಂಟದ ಮೇಲಿನ ಬಿಂದಿಗೆ ನೆಟ್ಟಗಿರುತ್ತದೆಯೇ? ಓರೆಯಾಗಿ ಒರಗಿರುತ್ತದೆ. ಬಿಂದಿಗೆಯ ಭುಜದಲ್ಲಿ ತಗಡು ಕೂಡಿಸಿದ ಹೊಲಿಗೆಯಿಂದ ತೊಟ್ ತೊಟ್ ತೊಟ್. ನೆಲದ ಮೇಲಿಟ್ಟರು, ನಿಂತಿತು. ಗಂಡ ನೋಡುತ್ತಲೇ ಇದ್ದರು. ಬಾಯಲ್ಲಿ ಇದ್ದಿಲ ಪುಡಿ.

“ಇನ್ನೊಂದ್ಸಲ ಎತ್ಕೋ,” ಅಂದರು. ಎತ್ತಿಕೊಂಡರು. ತೊಟ್ ತೊಟ್. “ಇಳ್ಸು.” ಇಳಿಸಿದರು. ಇಲ್ಲ. ಆಗ ಕಣ್ಣ ಮುಂದೆ ಬಂದದ್ದು ವೆಂಕಟಗಿರಿಯವರ ಗೋಡೆಯ ಸೊಟ್ಟ ಪಟ. “ಪಟ ಸೊಟ್ಟಗಿರ್ಲಿಲ್ಲ, ದೋಣಿನೇ ಹಂಗೆ ಹೋಯ್ತದೆ! ಹೆಂಗ್ಸು ಸೊಂಟದಾಗೆ ಬಿಂದ್ಗೆ ಒರಗಿಸ್ಕೊಂಡಂಗೆ, ಸಮುದ್ರ ಅದನ್ನ ಒರಗಿಸ್ಕೊಂಡೇ ಹೋಯ್ತದೆ. ನಾನು ನೆಟ್ಟಗೆ ನಿಲ್ಸಿ ನೋಡ್ಬುಟ್ಟು ಸೋರಲ್ಲ ಅಂದಿವ್ನಿ. ಮೂರು ಜನ ಸಾರ್. ಮೂರು ಜನ ನನ್ನ ಮಾತ್ಗೆ ಸಾಯ್ತಿದ್ರು.”

ಬಾಯಿ ಕೂಡ ಮುಕ್ಕಳಿಸದೆ ಸೈಕಲ್ ಹತ್ತಿದರು. ಕಾಮಾಕ್ಷಿಪಾಳ್ಯದ ಮನೆಯಿಂದ ನಮ್ಮ ಬೀದಿಗೆ ಕಪ್ಪು ಬಾಯಿಯ, ಬರಿಮೈಯ ಮನುಷ್ಯ ಗಂಟೆ ಬಾರಿಸಿಕೊಂಡು ಬಂದದ್ದನ್ನು ನಾನೇ ಗೇಟಿನಲ್ಲಿ ಹಾಲಿಗೆ ಕಾಯುತ್ತಾ ನೋಡಿದೆ. ಅಷ್ಟು ಹೊತ್ತಿಗೆ ಲಾರಿ ಬಂದಿತ್ತು. ದೋಣಿಗೆ ಸರಪಳಿ ಹಾಕುವುದೊಂದು ಬಾಕಿ. ಬೀದಿಯ ಜನವೆಲ್ಲ ಬೀಳ್ಕೊಡಲು ಸೇರಿತ್ತು, ತೆಂಗಿನಕಾಯಿ ಒಡೆದಾಗಿತ್ತು.

“ನಿಲ್ಸಿ! ನಾನೇಳಿದ್ದು ತಪ್ಪು! ಅದು ಸೋರ್ತದೆ!”

ನೋಡಿ, ನಾನು ಪತ್ರಿಕೆಯಲ್ಲಿ ಹದಿನೆಂಟು ವರ್ಷದಿಂದ ಇದ್ದೇನೆ. ದೊಡ್ಡ ದೊಡ್ಡವರ ಭಾಷಣ ಬರೆದುಕೊಂಡಿದ್ದೇನೆ. ಬೀದಿಯ ನಡುವೆ, ನಲವತ್ತು ಜನರ ಮುಂದೆ, ಯಾರೂ ಕೇಳದೇ ಇದ್ದಾಗ, “ನಾನು ಹೇಳಿದ್ದು ತಪ್ಪು” ಎಂದು ಕೂಗಿದ ಮನುಷ್ಯನನ್ನು ಅದೇ ಮೊದಲು ನೋಡಿದ್ದು.

ಲಾರಿ ಡ್ರೈವರ್ ಸಿದ್ದಬಸಪ್ಪನಿಗೆ ಸಿಟ್ಟು ನೆತ್ತಿಗೇರಿತು. ಕತ್ತಲಾಗುವ ಮೊದಲು ಘಟ್ಟ ಇಳಿಯಬೇಕು ಅವನಿಗೆ. “ಮೂರು ದಿನ ನೋಡಿ ಸರಿ ಐತೆ ಅಂದೋನು, ಈಗ ಕಾಯಿ ಒಡೆದ್ಮೇಲೆ ಬಂದವ್ನೆ!” ಎಂದು ಕೂಗಾಡಿದ. ವೆಂಕಟಗಿರಿ ಮಾತ್ರ ತಲೆಯ ಮೇಲೆ ಕೈಹೊತ್ತು ಅಲ್ಲೇ ಕೂತುಬಿಟ್ಟರು. “ನಾನು ದೊಡ್ಡ ಹಡಗಿನವನು. ಅವು ಒಂದೇ ಮಗ್ಗುಲಿಗೆ ದಿನಗಟ್ಟಲೆ ವಾಲೋದಿಲ್ಲ. ಫೋಟೋ ನಮ್ಮ ಹಾಲಿನಲ್ಲೇ ಇದೆ, ನನಗೂ ಹೊಳೀಲಿಲ್ಲವಲ್ಲ ದೊಡ್ಡಹನುಮಯ್ಯ,” ಅಂದರು. ಕಲ್ಯಾಣಮ್ಮ ಬಿಡುತ್ತಾರೆಯೇ? “ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ್ರಂತೆ. ಇಬ್ಬರೂ ಸರಿಯಾಗಿದೀರಿ!”

ಆಮೇಲೆ ನಡೆದದ್ದು ನಮ್ಮ ಬೀದಿಯ ಚರಿತ್ರೆಯಲ್ಲೇ ಮೊದಲು. ದೋಣಿಯನ್ನು ಬೇಕೆಂದೇ ವಾಲಿಸಬೇಕು, ಅದೂ ಟ್ಯಾಂಕಿನಲ್ಲಿ ನೀರು ತುಂಬಿ! ಆದರೆ ನೀರೆಲ್ಲಿ? ಕಾವೇರಿ ಬೆಂಗಳೂರಿಗೆ ಬಂದು ನಾಲ್ಕು ವರ್ಷವಾಯಿತು, ನಮ್ಮ ಬೀದಿಗೆ ಬರುವುದು ದಿನ ಬಿಟ್ಟು ದಿನ. ಅಂದು ಬಾರದ ದಿನ. ಕಲ್ಯಾಣಮ್ಮನವರೇ ಮೊದಲು ಒಳಗೆ ಹೋಗಿ ಅಡಿಗೆಗೆಂದು ತುಂಬಿಟ್ಟಿದ್ದ ಕೊಡ ಎತ್ತಿಕೊಂಡು ಬಂದರು. ಅಷ್ಟೇ ಸಾಕಾಯಿತು. ಬಾಗಿಲು ಬಾಗಿಲಿನಿಂದಲೂ ಹೆಂಗಸರು ಬಂದರು. ಮನೆಗೊಂದು ಕೊಡ, ಹದಿನಾರು ಮನೆ. ನನ್ನ ಮನೆಯಾಕೆಯ ಕೊಡ ಒಂಬತ್ತನೆಯದು, ಅದನ್ನು ಇಲ್ಲಿ ಬರೆಯದಿದ್ದರೆ ನನಗೆ ಊಟವಿಲ್ಲ.

ಸಿದ್ದಬಸಪ್ಪನ ಸಿಟ್ಟು ಎಲ್ಲಿಗೆ ಹೋಯಿತೋ! ತಾನೇ ಲಾರಿಯ ಜಾಕಿಗಳನ್ನು ಇಳಿಸಿ ಎಡ ಮಗ್ಗುಲಿಗೆ ಕೊಟ್ಟ. ಬಲಗಡೆ ಊರುಗೋಲು ಸರಿಸಿ ಹುಲ್ಲಿನ ಮೂಟೆ, ಹಳೆಯ ಟೈರು ಒಟ್ಟಿದೆವು. ಹನ್ನೆರಡು ಗಂಡಸರು ತೆಂಗಿನ ನಾರಿನ ಹಗ್ಗ ಹಿಡಿದೆವು. ಹಗ್ಗ ಎಳೆದವರಲ್ಲಿ ಈ ಬಡಪಾಯಿಯೂ ಒಬ್ಬ, ಅಂಗೈ ಬೊಕ್ಕೆಗಳು ಆರಲು ವಾರ ಹಿಡಿಯಿತು. “ಎಳೀರಿ, ಐಸಾ!” ಎಂದು ಸಿದ್ದಬಸಪ್ಪ ಕೂಗಿದ. ದೋಣಿ ಕಿರ್ರೆಂದಿತು, ಮೆಲ್ಲಗೆ ಮೈ ಒರಗಿಸಿತು. ಫೋಟೋದಲ್ಲಿ ಇದ್ದ ಹಾಗೆಯೇ! ದೋಣಿಯ ತಳದ ಬಿರಡೆ ತೆಗೆದು ಕೆಳಗೆ ಬಕೆಟು ಇಟ್ಟಿತ್ತು. ಎಲ್ಲರ ಕಣ್ಣೂ ಆ ತೂತಿನ ಮೇಲೆ. ಮೊದಲು ಏನೂ ಇಲ್ಲ. ಆಮೇಲೆ ಒಂದು ಹನಿ. ಇನ್ನೊಂದು. ಆಮೇಲೆ ನೂಲಿನಂಥ ಧಾರೆ.

“ಬಂತು! ಬಂತು!” ಎಂದು ಇಡೀ ಬೀದಿ ಕೂಗಿತು. ಸೋರಿದ್ದಕ್ಕೆ ಇಷ್ಟು ಸಂಭ್ರಮಪಟ್ಟ ಜನ ಭೂಮಿಯ ಮೇಲೆ ಬೇರೆಲ್ಲೂ ಇರಲಾರರು.

ದೊಡ್ಡಹನುಮಯ್ಯ ಯಾರನ್ನೂ ಮುಟ್ಟಗೊಡಲಿಲ್ಲ. ಒಂದು ಬಕೆಟು ತುಂಬಿತು, ಎರಡು ತುಂಬಿತು. ಮಧ್ಯಾಹ್ನದ ಹೊತ್ತಿಗೆ ಆರು ಕೊಡದಷ್ಟು ನೀರು ಹೊರಬಂದು ತಾನಾಗಿಯೇ ನಿಂತಿತು. “ನೀರು ನಿಂತ ಮಟ್ಟದಾಗೇ ತೂತು ಐತೆ. ನೀರು ಸುಳ್ಳೇಳಲ್ಲ,” ಎಂದರು. ಬೆಳಕು ಬಿಟ್ಟು ನೋಡಿದರೆ ಆ ಮಟ್ಟ ಟ್ಯಾಂಕಿನ ಬಲಗಡೆಯ ಮೇಲಂಚನ್ನು ಮುಟ್ಟಿತ್ತು. ಇವರು ಸದಾ ಬಿಡುವ ನಾಲ್ಕು ಬೆರಳು ಜಾಗದೊಳಗೇ ಇತ್ತು ಬಿರುಕು! ಆರು ಕೊಡ ಹೋದರೆ ಉಳಿಯುವುದು ಹತ್ತು. ದಿನಕ್ಕೊಂದರಂತೆ ಹನ್ನೊಂದು ದಿನಕ್ಕೆ ಅದು ಸಾಲುವುದಿಲ್ಲ.

ಬಿರುಕು ಸಿಕ್ಕಿತು ಸರಿ, ಕೈ ಹೋಗಬೇಕಲ್ಲ? ಹೊರಗಿನಿಂದ ದೋಣಿಯ ಪಕ್ಕೆ ಅಡ್ಡ. ಒಳಗೆ ಕೈ ಹಾಕಲು ಇರುವುದು ಬೋಗುಣಿಯ ಬಾಯಷ್ಟು ಅಗಲದ ಒಂದು ಕಿಂಡಿ. ದೊಡ್ಡಹನುಮಯ್ಯನವರ ತೋಳು ಮೊಣಕೈಗೇ ಸಿಕ್ಕಿಕೊಂಡಿತು. ಗಂಡ ಬಿಟ್ಟುಬಂದಿದ್ದ ಅಂಗಿಯನ್ನು ಕೈಯಲ್ಲಿ ಹಿಡಿದು ಹಿಂದೆಯೇ ನಡೆದು ಬಂದಿದ್ದ ಯಶೋದಮ್ಮ, “ಸರಿ ಅತ್ಲಾಗೆ” ಅಂದರು. ಬಳೆ ತೆಗೆಯಲು ಒಪ್ಪಲಿಲ್ಲ. ಹರಳೆಣ್ಣೆ ಸವರಿ ಮೇಲಕ್ಕೆ ತಳ್ಳಿ ಬಟ್ಟೆ ಸುತ್ತಿಕೊಂಡರು. ಉಳಿದ ನೀರು ತೆಗೆದು ಒಣಗಿಸಿದ ಟ್ಯಾಂಕಿನೊಳಗೆ ಭುಜದವರೆಗೆ ತೋಳಿಳಿಸಿ, ಕಣ್ಣು ಮುಚ್ಚಿ, ಬೆರಳಲ್ಲೇ ಬಿರುಕು ತಡಕಿದರು. ಕಾದ ಬೆಸುಗೆ ಕಡ್ಡಿಯನ್ನು ಗಂಡ ಕೊಡುವುದು, ಹೆಂಡತಿ ಒಳಗೆ ಎಳೆಯುವುದು. ಇಪ್ಪತ್ತು ವರ್ಷ ತಿದಿ ಒತ್ತುತ್ತಾ ನೋಡಿ ಕಲಿತ ಕೈ! ಒಂದು ಗೇಣು ಬೆಸುಗೆಗೆ ಎರಡು ಗಂಟೆ. ಕೈ ಹೊರಗೆ ತೆಗೆದಾಗ ಮುಂಗೈಮೇಲೆ ಕೆಂಪಗೆ ಸುಟ್ಟ ಗೆರೆ. “ರೊಟ್ಟಿ ತಟ್ವಾಗ ಇದ್ಕಿಂತ ಜಾಸ್ತಿ ಸುಟ್ಕೊಂಡಿವ್ನಿ,” ಅಂದರಷ್ಟೇ.

ಮತ್ತೆ ನೀರು, ಮತ್ತೆ ಹಗ್ಗ. ಬಲಕ್ಕೆ ವಾಲಿಸಿ ಸಂಜೆವರೆಗೆ ಕಾದೆವು. ಒಂದು ಹನಿ ಬೀಳಲಿಲ್ಲ. ಎಡಕ್ಕೂ ವಾಲಿಸಿ ಎಂದು ದೊಡ್ಡಹನುಮಯ್ಯ ಹಟ ಹಿಡಿದರು. ನಮ್ಮ ತೋಳುಗಳು ಬಿದ್ದೇ ಹೋದವು, ಆದರೂ ಎಳೆದೆವು. ಮರುದಿನ ಬೆಳಿಗ್ಗೆ ದೋಣಿ ಹೊರಟಿತು. ಬಿದಿರು ಕಡ್ಡಿಯನ್ನು ವೆಂಕಟಗಿರಿಯವರ ಕೈಗಿತ್ತು ದೊಡ್ಡಹನುಮಯ್ಯ ಹೇಳಿದ್ದು ಇಷ್ಟೇ: “ದಿನಾ ಒಂದ್ಸಲ ಅದ್ದಿ ನೋಡಿ, ಪೆನ್ಸಿಲ್ನಾಗೆ ಗೆರೆ ಎಳೀರಿ ಸ್ವಾಮಿ. ವಾಪಸ್ ಬಂದಾಗ ಈ ಕಡ್ಡಿ ನಂಗೆ ತಂದ್ಕೊಡಿ.”

ಈಗ ಹೊಂಗೆ ಮರದ ಕೆಳಗಿನ ಈ ಅಂಗಡಿಯ ಹಿಂದೆ ಒಂದು ಬಿಂದಿಗೆ ಬೋರಲು ಹಾಕಿದೆ. ಗುರುತು ಹಿಡಿಯುತ್ತೇನೆ. ಅಲ್ಲ ಸ್ವಾಮಿ, ಇದಕ್ಕೆ ಇನ್ನೂ ಬೆಸುಗೆ ಹಾಕಿಲ್ಲವೇ ಎಂದು ಕೇಳಿದರೆ ದೊಡ್ಡಹನುಮಯ್ಯ ಹೆಂಡತಿಯ ಕಡೆ ಕೈ ತೋರಿಸುತ್ತಾರೆ.

“ಮುಟ್ಟಬ್ಯಾಡ ಅಂದಿವ್ನಿ,” ಅನ್ನುತ್ತಾರೆ ಯಶೋದಮ್ಮ. “ಆ ಮೂರು ಜನ ಸುಖವಾಗಿ ದಡ ಹತ್ತೋಗಂಟ ಇದು ಸೋರ್ಲಿ. ನನ್ನ ಸೀರೆ ಒದ್ದೆ ಆದಾಗೆಲ್ಲ ನೆಪ್ಪಾಯ್ತದೆ, ಅವ್ರ್ಗೆ ಒಳ್ಳೇದಾಗ್ಲಪ್ಪ ಅಂತ ಕೈ ಮುಗೀತೀನಿ.” ಅವರ ಮಗ್ಗುಲಲ್ಲಿ ಸೀರೆ ಇನ್ನೂ ಹಸಿಯಾಗಿದೆ.

ಆಗಲೇ ಮತ್ತೊಂದು ಸ್ಕೂಟರಿನ ಸದ್ದು. ಈ ಸಲ ಅದು ಮುಂದೆ ಹೋಗುವುದಿಲ್ಲ. ಹೊಂಗೆ ಮರದ ಕೆಳಗೇ ನಿಲ್ಲುತ್ತದೆ. ಯಾರದೋ ಸ್ಕೂಟರಿನ ಹಿಂದಿನ ಸೀಟಿನಿಂದ ಇಳಿದವರು ಬಿಸಿಲಿಗೆ ಕರ್ರಗಾಗಿ, ಗಡ್ಡ ಬಿಟ್ಟು, ಗುರುತೇ ಸಿಗದಂತಾಗಿರುವ ವೆಂಕಟಗಿರಿ! “ಮೊನ್ನೆ ಸಂಜೆ ದಡ ಸೇರಿದ್ವಿ, ನಿನ್ನೆ ರಾತ್ರಿ ಬಸ್ಸು ಹತ್ತಿ ನೇರ ಇಲ್ಲಿಗೇ ಬಂದೆ. ತಂತಿ ಕೊಟ್ಟಿದ್ದೆ, ಅದು ನನ್ನ ಹಿಂದೆ ಬರ್ತಾ ಇದೆ ಅನ್ನಿಸುತ್ತೆ,” ಎಂದು ನಗುತ್ತಾರೆ. ಚೀಲದಿಂದ ಬಿದಿರು ಕಡ್ಡಿ ತೆಗೆದು ಕೊಡುತ್ತ, “ಮೂರೂ ಜನ ಚೆನ್ನಾಗಿದೀವಿ. ಮಿಕ್ಕದ್ದು ನೀವೇ ಓದಿ,” ಅನ್ನುತ್ತಾರೆ.

ದೊಡ್ಡಹನುಮಯ್ಯನವರಿಗೆ ಅಕ್ಷರ ಬಾರದು. ಆದರೆ ಆ ಕಡ್ಡಿಯನ್ನು ಅವರು ಓದುವ ರೀತಿ ನೋಡಬೇಕು. ಉಗುರಿನಿಂದ ಒಂದೊಂದೇ ಗೆರೆ ಮುಟ್ಟುತ್ತಾ ಬರುತ್ತಾರೆ. ಒಂದು ದಿನಕ್ಕೆ ಒಂದು ಗೀರು. ಎರಡು, ಮೂರು, ನಾಲ್ಕು, ಐದು. ಆರನೆಯ ಗೆರೆಗೆ ಬೆರಳು ನಿಲ್ಲುತ್ತದೆ. ಅಲ್ಲಿ ಗೆರೆ ಒಂದೇ ದಿನಕ್ಕೆ ಎರಡು ಗೀರು ಇಳಿದಿದೆ.

“ಸೋರ್ತಾ ಸ್ವಾಮಿ?”

ವೆಂಕಟಗಿರಿ ಜೋರಾಗಿ ನಗುತ್ತಾರೆ. “ಅವತ್ತು ಯುಗಾದಿ! ನಮ್ಮ ಪದ್ಮನಾಭ ಹಟ ಹಿಡಿದ, ಎಣ್ಣೆ ಸ್ನಾನ ಆಗದೆ ಬೇವು ಬೆಲ್ಲ ಬಾಯಿಗಿಡಲ್ಲ ಅಂತ. ಸಮುದ್ರದ ನೀರಿಗೆ ಎಣ್ಣೆ ಜಿಡ್ಡು ಹೋಗುತ್ಯೇ? ಸೀಗೇಕಾಯಿ ತಲೇಲೇ ಕೂತುಬಿಡ್ತು. ಒಂದು ಕೊಡ ಸಿಹಿನೀರು ಅವನ ತಲೆಗೆ ಹೋಯ್ತು ಮಹರಾಯ್ರೆ!”

ದೊಡ್ಡಹನುಮಯ್ಯ ಉಸಿರು ಬಿಡುತ್ತಾರೆ. ನಾನೂ ಬಿಡುತ್ತೇನೆ. ಬೆರಳು ಮತ್ತೆ ಮುಂದೆ ಹೋಗುತ್ತದೆ. ಆಮೇಲೆಲ್ಲ ದಿನಕ್ಕೊಂದೇ ಗೀರು. ಹನ್ನೊಂದರಲ್ಲಿ ಗೆರೆ ನಿಲ್ಲುವುದಿಲ್ಲ, ಹನ್ನೆರಡು, ಹದಿಮೂರು. ಬರುವಾಗ ಎರಡು ದಿನ ಗಾಳಿ ಪೂರ್ತಿ ಬಿದ್ದುಹೋಗಿ, ಹಾಯಿ ಒದ್ದೆ ಬಟ್ಟೆಯಂತೆ ಜೋತುಬಿದ್ದು, ದೋಣಿ ಇದ್ದಲ್ಲೇ ಇತ್ತೆಂದು ವೆಂಕಟಗಿರಿ ಹೇಳುತ್ತಾರೆ. ಹದಿಮೂರನೆಯ ಗೆರೆಯ ಕೆಳಗೆ ಇನ್ನೂ ಎರಡು ಗೀರು ಉಳಿದಿವೆ. ಎರಡು ಕೊಡ ನೀರು.

ನಾನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತೇನೆ. ಆ ಬಿರುಕು ಹಾಗೇ ಇದ್ದಿದ್ದರೆ ಇವರ ಕೈಯಲ್ಲಿದ್ದದ್ದು ಹತ್ತೇ ಕೊಡ, ಒಂಬತ್ತನೆಯ ದಿನಕ್ಕೆ ಟ್ಯಾಂಕು ಒಣಗುತ್ತಿತ್ತು. ಆಮೇಲೆ ನಾಲ್ಕು ದಿನ, ಬಿಸಿಲು, ಗಾಳಿಯಿಲ್ಲದ ಕಡಲು. ಮುಂದೆ ಯೋಚಿಸಲು ಮನಸ್ಸು ಬರುವುದಿಲ್ಲ. ದೊಡ್ಡಹನುಮಯ್ಯನವರ ಲೆಕ್ಕ ನನಗಿಂತ ಮೊದಲೇ ಮುಗಿದಿರಬೇಕು, ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಾರೆ. ಹೊಗೆ ಎಂದು ಹೇಳುತ್ತಾರೆ. ಒಲೆ ಆಗಲೇ ಆರಿದೆ.

ಪತ್ರಿಕೆಯಲ್ಲಿ ನಿಮ್ಮ ಬಗ್ಗೆ ಏನು ಬರೆಯಲಿ, ನಿಮಗೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ದೊಡ್ಡಹನುಮಯ್ಯ ಹೆಂಡತಿಯ ಕಡೆ ನೋಡುತ್ತಾರೆ. “ನನ್ನೆಸ್ರು ಸಣ್ದಾಗಿ ಹಾಕಿ ಸಾರ್. ಮೂರು ತಿಂಗ್ಳು ಅವ್ಳು ಸೋರ್ತದೆ ಅಂತ ಹೇಳ್ದಾಗ ನಾನು ಕೇಳ್ಳಿಲ್ಲ ಅಂತ ದೊಡ್ದಾಗಿ ಹಾಕಿ. ಅವ್ಳ ನಡ್ಗೆ ಸರಿ ಐತೆ ಅಂತಾನೂ ಬರೀರಿ.”

ಯಶೋದಮ್ಮ ಎದ್ದು ಹೋಗಿ ಬೋರಲು ಹಾಕಿದ್ದ ಬಿಂದಿಗೆಯನ್ನು ತಂದು ಗಂಡನ ಮುಂದೆ ಇಡುತ್ತಾರೆ. ತಿದಿಯ ಮುಂದೆ ಕೂರುತ್ತಾರೆ. ಒಲೆ ಮತ್ತೆ ಕೆಂಪಾಗುತ್ತದೆ. ವೆಂಕಟಗಿರಿ ಮನೆಗೂ ಹೋಗದೆ ಇದ್ದಿಲಿನ ಬುಟ್ಟಿಯ ಮೇಲೆಯೇ ಕೂತಿದ್ದಾರೆ. ಅಪ್ಪಟ ತವರ, ಭುಜದ ಹೊಲಿಗೆಗೆ ಎರಡು ಬೆರಳು ಉದ್ದದ ಬೆಸುಗೆ. ಹತ್ತು ನಿಮಿಷದ ಕೆಲಸ.

ಬಿಂದಿಗೆಗೆ ನೀರು ತುಂಬಿಯಾಯಿತು. ದೊಡ್ಡಹನುಮಯ್ಯ ಬೂದಿಯ ಗಂಟಿಗೆ ಕೈ ಹಾಕುವುದಿಲ್ಲ. ಬಿಂದಿಗೆ ಎತ್ತಿ ಹೆಂಡತಿಯ ಸೊಂಟದ ಮೇಲೆ ತಾವೇ ಇಡುತ್ತಾರೆ. ಯಶೋದಮ್ಮ ಒಣಸೆರಗನ್ನು ಅದರ ಕೆಳಗೆ ಸಿಕ್ಕಿಸಿಕೊಂಡು ಬೀದಿಯ ಕೊನೆಯವರೆಗೆ ನಡೆದು ಹೋಗುತ್ತಾರೆ, ತಿರುಗಿ ಬರುತ್ತಾರೆ. ನೇರ, ನಿಧಾನ, ಬಾಯಿಯಿಂದ ಒಂದು ಹನಿ ತುಳುಕದ ನಡಿಗೆ. ನಮ್ಮ ಮುಂದೆ ನಿಂತು ಸೆರಗು ಹಿಡಿದು ತೋರಿಸುತ್ತಾರೆ.

“ನೋಡು. ಒಣಗೈತೆ.”

ದೊಡ್ಡಹನುಮಯ್ಯ ಸೆರಗನ್ನು ಮುಟ್ಟಿ ನೋಡುತ್ತಾರೆ. ಬಿಂದಿಗೆಯ ಭುಜಕ್ಕೆ ಬೆರಳು ಸವರಿ ನೋಡುತ್ತಾರೆ. ಆಮೇಲೆ ಹೆಂಡತಿಯ ಮುಖ ನೋಡಿ ಹೇಳುತ್ತಾರೆ:

“ಸೋರಲ್ಲ ಅಂತ ಈಗ್ಲೇ ಅನ್ನಲ್ಲ. ಆ ಕಡೆ ಸೊಂಟದ ಮೇಲೂ ಇಟ್ಕೊಂಡು ಒಂದ್ಸಲ ಹೋಗ್ಬಾ.”